ಉಗುರಿನ ಕೆಲಸ ಮಾಡುವವರೇ, ಕಣ್ಣಿನ ಕಡೆ ಗಮನವಿರಲಿ

ಈಗಿನ ಮದುವೆ ಮನೆಗಳಲ್ಲಿ ಮದುಮಗಳ ಕೈಗೆ ಮೈಲಾಂಜಿ ಹಾಕಿದರೆ ಮಾತ್ರ ಸಾಲದು, ಉಗುರಿನ ಅಲಂಕಾರವೂ ಆಗಬೇಕು. ನಮ್ಮ ಕರಾವಳಿಯ ಕೆಲವು ಹೆಣ್ಣುಮಕ್ಕಳು ಈ ಕೆಲಸ ಕಲಿತು, ಪಾರ್ಲರಿನಲ್ಲೋ ಮನೆಯ ಒಂದು ಕೋಣೆಯಲ್ಲೋ ಕುಳಿತು ನಾಲ್ಕು ಕಾಸು ಸಂಪಾದಿಸುತ್ತಿದ್ದಾರೆ. ಸಂತೋಷದ ವಿಷಯವೇ. ಕೃತಕ ಉಗುರು ಇರುವಾಗ ವುಝೂ ಆಗುತ್ತದೆಯೇ ಎಂಬ ಪ್ರಶ್ನೆ ಬೇರೆ. ಇಂದಿನ ಮಾತು ಆ ಕೆಲಸ ಮಾಡುವವರ ಕಣ್ಣಿನದ್ದು.

ಮೊನ್ನೆ ತಾಯಿಯೊಬ್ಬರು ಕೇಳಿದರು: ‘ಉಸ್ತಾದ್, ಮಗಳ ಕಣ್ಣು ಸಂಜೆಯಾದರೆ ಕೆಂಪಾಗ್ತದೆ. ಲೆನ್ಸ್ ಹಾಕಿಯೇ ಕೆಲಸ ಮಾಡ್ತಾಳೆ. ಕನ್ನಡಕ ಹಾಕು ಅಂದರೆ, ಪೆಣ್ಣು ನೋಡಲು ಬರುವವರು ಏನು ಹೇಳ್ತಾರೋ ಅಂತ ಅವಳಿಗೆ ಹೆದರಿಕೆ.’ ಈ ಹೆದರಿಕೆ ಆ ಹುಡುಗಿ ಹುಟ್ಟಿಸಿದ್ದಲ್ಲ. ನಾವು ಹಿರಿಯರೇ ಕಲಿಸಿದ್ದು.

ಉಗುರಿನ ಕೆಲಸದಲ್ಲಿ ಕಣ್ಣಿಗೆ ಮೂರು ಕಡೆಯಿಂದ ತೊಂದರೆ ಬರುತ್ತದೆ. ಒಂದು, ಉಗುರು ಉಜ್ಜುವಾಗ ಏಳುವ ನುಣುಪಾದ ಧೂಳು. ಇದು ಲೆನ್ಸಿನ ಅಡಿಗೆ ಸಿಕ್ಕಿಕೊಂಡರೆ ಕಣ್ಣಿನ ಕರಿಗುಡ್ಡೆಯ ಮೇಲಿನ ತೆಳು ಪೊರೆ ಗೀರಿ ಹೋಗಬಹುದು. ಎರಡು, ಅಸಿಟೋನ್ ಮತ್ತು ಅಕ್ರಿಲಿಕ್ ದ್ರವದ ಆವಿ. ಮೃದು ಲೆನ್ಸ್ ನೀರು ಹೀರಿಕೊಂಡಿರುವ ವಸ್ತು, ಕೆಲವು ರಾಸಾಯನಿಕಗಳನ್ನೂ ಹೀರಿಕೊಳ್ಳುತ್ತದೆ. ಮೂರು, ನಮ್ಮದೇ ಬೆರಳು. ಜೆಲ್ ಅಂಟಿದ ಬೆರಳಿನಿಂದ ಲೆನ್ಸ್ ಸರಿ ಮಾಡಿದರೆ ಅದು ನೇರ ಕಣ್ಣಿಗೇ ಹೋಯಿತು. ಇದಲ್ಲದೆ, ಹತ್ತಿರದಿಂದ ಒಂದೇ ಸಮನೆ ನೋಡುವಾಗ ನಾವು ರೆಪ್ಪೆ ಬಡಿಯುವುದೂ ಕಡಿಮೆ. ಎದುರಿಗೆ ಫ್ಯಾನೋ ಏಸಿಯೋ ಇದ್ದರೆ ಲೆನ್ಸ್ ಬೇಗ ಒಣಗುತ್ತದೆ.

ಇಲ್ಲೊಂದು ವಿಚಿತ್ರ ಉಂಟು. 1961ರಲ್ಲಿ ಚೆಕ್ ವಿಜ್ಞಾನಿ ಒಟ್ಟೊ ವಿಕ್ಟರ್ಲೆ ಮೃದು ಲೆನ್ಸ್ ತಯಾರಿಸಿದ್ದು ಹೇಮಾ ಎಂಬ ಚಿಕ್ಕ ಹೆಸರಿನ ರಾಸಾಯನಿಕದಿಂದ. ಅನೇಕ ಜೆಲ್ ಪಾಲಿಶ್‌ಗಳಲ್ಲಿ ಇರುವುದೂ ಅದೇ. ಪೂರ್ತಿ ಗಟ್ಟಿಯಾಗಿ ಲೆನ್ಸ್ ಆದ ಮೇಲೆ ಅದು ಸಾಧು. ಜೆಲ್‌ನಲ್ಲಿ ಹಸಿಯಾಗಿರುವಾಗ ಚರ್ಮಕ್ಕೆ ತಾಗಿದರೆ ಅಲರ್ಜಿ ಬರಿಸಬಲ್ಲದು. ಕೆಲವರಿಗೆ ಕೈಗಿಂತ ಮೊದಲು ಕಣ್ಣಿನ ರೆಪ್ಪೆಯೇ ತುರಿಸಿ ಊದುವುದುಂಟು. ಹೇಮಾ ಇರುವ ಉಗುರಿನ ವಸ್ತುಗಳನ್ನು ವೃತ್ತಿಪರರು ಮಾತ್ರ ಬಳಸಬೇಕೆಂದು ಯುರೋಪಿಯನ್ ಒಕ್ಕೂಟ 2021ರಿಂದ ನಿಯಮ ಮಾಡಿದೆ.

ಹಾಗಾದರೆ ಲೆನ್ಸ್ ಬಿಡಲೇಬೇಕಾ? ಹಾಗೇನಿಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ 2005ರಲ್ಲಿ ಹೇಳಿದ್ದು, ರಾಸಾಯನಿಕದ ಕೆಲಸದಲ್ಲೂ ಲೆನ್ಸ್ ಹಾಕಬಹುದು, ಆದರೆ ಅದರ ಮೇಲೆ ಕಣ್ಣಿನ ರಕ್ಷಣೆ ಇರಲೇಬೇಕು ಎಂದು. ಲೆನ್ಸ್ ನೋಡಲಿಕ್ಕೆ ಇರುವುದು, ಕಾಯಲಿಕ್ಕೆ ಅಲ್ಲ. ಇದೊಂದು ಮಾತು ನೆನಪಿದ್ದರೆ ಸಾಕು.

ಅಕ್ಕಪಕ್ಕವೂ ಮುಚ್ಚುವ ರಕ್ಷಣಾ ಕನ್ನಡಕ ಹಾಕಿ. ಕಿಟಕಿ ತೆರೆದಿಡಿ, ಆವಿ ಹೊರಗೆ ಹೋಗುವಂತೆ ಎಕ್ಸಾಸ್ಟ್ ಫ್ಯಾನ್ ಇರಲಿ. ಬಾಟಲಿಯ ಮುಚ್ಚಳ ತೆರೆದು ಬಿಡಬೇಡಿ. ಲೆನ್ಸ್ ಹಾಕುವ ಮತ್ತು ತೆಗೆಯುವ ಮೊದಲು ಸೋಪಿನಿಂದ ಕೈ ತೊಳೆದು, ಪೂರ್ತಿ ಒರೆಸಿಕೊಳ್ಳಿ. ಲೆನ್ಸನ್ನು ನಲ್ಲಿ ನೀರಿನಲ್ಲಾಗಲಿ ಬಾವಿ ನೀರಿನಲ್ಲಾಗಲಿ ತೊಳೆಯಬಾರದು. ಆ ನೀರಿನ ಸೂಕ್ಷ್ಮ ಜೀವಿಗಳಿಂದ ದೃಷ್ಟಿಯೇ ಹೋಗುವಂಥ ಸೋಂಕು ಆಗಬಹುದು. ವುಝೂ ಮಾಡುವಾಗ ಮುಖಕ್ಕೆ ನೀರು ಹಾಕುವ ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳಿ. ಕಣ್ಣಿನ ಒಳಭಾಗ ತೊಳೆಯಬೇಕೆಂಬ ನಿಯಮ ಇಲ್ಲ.

ಅಕಸ್ಮಾತ್ ದ್ರವ ಕಣ್ಣಿಗೆ ಹಾರಿದರೆ ಮಾತ್ರ ಯಾವ ನೀರು ಎಂದು ಯೋಚಿಸುತ್ತಾ ನಿಲ್ಲಬೇಡಿ. ಕೈಗೆ ಸಿಕ್ಕಿದ ಶುದ್ಧ ನೀರಿನಿಂದ ತಕ್ಷಣ ತೊಳೆಯಲು ಶುರು ಮಾಡಿ, ತೊಳೆಯುತ್ತಲೇ ಲೆನ್ಸ್ ತೆಗೆಯಿರಿ. ಕಡಿಮೆಯೆಂದರೆ 15 ನಿಮಿಷ ನೀರು ಹಾಯಿಸಿ ನಂತರ ಕಣ್ಣಿನ ಡಾಕ್ಟರಲ್ಲಿ ಹೋಗಿ. ಆ ಲೆನ್ಸ್ ಮತ್ತೆ ಹಾಕಬೇಡಿ. ನೋವು, ಕೆಂಪು, ಮಂಜು ಮಂಜಾಗಿ ಕಾಣುವುದು, ಬೆಳಕು ನೋಡಲು ಆಗದಿರುವುದು, ಇದರಲ್ಲಿ ಯಾವುದಾದರೂ ಇದ್ದರೆ ಲೆನ್ಸ್ ತೆಗೆದಿಟ್ಟು ಅದೇ ದಿನ ತೋರಿಸಿ. ಮೆಡಿಕಲ್ ಶಾಪಿನಿಂದ ನೀವೇ ಔಷಧ ತಂದು ಬಿಟ್ಟುಕೊಳ್ಳಬೇಡಿ.

ಇನ್ನು ತಂದೆ ತಾಯಂದಿರಲ್ಲಿ ಒಂದು ಮಾತು. ಕೆಲಸದ ಹೊತ್ತಿನಲ್ಲಿ ಲೆನ್ಸ್ ಬಿಟ್ಟು ಪವರಿನ ಕನ್ನಡಕ ಹಾಕುವುದೇ ಎಲ್ಲಕ್ಕಿಂತ ಸುಲಭದ ದಾರಿ. ಅದರ ಮೇಲೆ ಹಾಕುವಂಥ ರಕ್ಷಣಾ ಕನ್ನಡಕವೂ ಸಿಗುತ್ತದೆ. ಆದರೆ ಹುಡುಗಿಗೆ ಕನ್ನಡಕ ಉಂಟೆಂದು ಸಂಬಂಧ ಬೇಡ ಎನ್ನುವವರು ಇರುವವರೆಗೆ ನಮ್ಮ ಹೆಣ್ಣುಮಕ್ಕಳು ಕಣ್ಣು ಕೆಂಪಾದರೂ ಲೆನ್ಸ್ ತೆಗೆಯಲಾರರು. ಮಗನಿಗೆ ಹೆಣ್ಣು ನೋಡಲು ಹೋಗುವವರೂ ಇದನ್ನು ಸ್ವಲ್ಪ ಯೋಚಿಸಬೇಕು. ಅವಳ ದುಡಿಮೆ ನಡೆಯುವುದು ಆ ಎರಡು ಕಣ್ಣುಗಳಿಂದಲೇ.