ನೇತ್ರಾವತಿಯ ಕಸ, ಶುಕ್ರವಾರದ ಮೀನು

ತಪಸ್ಸುಕಾಲದ ಶುಕ್ರವಾರಗಳಂದು ಮಾಂಸವನ್ನು ವರ್ಜಿಸುವ ನಮ್ಮ ಮನೆಗಳಲ್ಲಿ ಬಂಗುಡೆಯೋ ಬೂತಾಯಿಯೋ ಊಟಕ್ಕೆ ಇದ್ದೇ ಇರುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ವಲಯಗಳ ಕೆಥೊಲಿಕ್ ಬಾಂಧವರು ಕಡಲಿನಿಂದ ದೂರವಿದ್ದರೂ ಮಂಗಳೂರಿನ ಧಕ್ಕೆಯಿಂದ ಬರುವ ಮೀನು ಅವರಿಗೆ ನಿತ್ಯದ ಆಹಾರ. ಕಡಲು ನಮಗೆ ಮೀನು ಕೊಡುತ್ತಿದೆ. ನಾವು ಕಡಲಿಗೆ ಕೊಡುತ್ತಿರುವುದೇನು?

ಇದಕ್ಕೆ ನಮ್ಮ ನದಿಗಳೇ ಉತ್ತರ ಹೇಳುತ್ತವೆ. ಬೆಳ್ತಂಗಡಿಯ ಘಟ್ಟದ ನೀರನ್ನು ಹೊತ್ತ ನೇತ್ರಾವತಿಯು ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳ, ಪಾಣೆಮಂಗಳೂರುಗಳನ್ನು ದಾಟಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ವೇಣೂರಿನ ಮೂಲಕ ಮೂಡುಬಿದಿರೆ ಸೀಮೆಯತ್ತ ಹರಿಯುವ ಫಲ್ಗುಣಿಯೂ ಗುರುಪುರ ನದಿಯೆನಿಸಿ ಅದೇ ಅಳಿವೆಯನ್ನು ತಲುಪುತ್ತದೆ. ಮಣಿಪಾಲದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ನೇತ್ರಾವತಿಯ ಒಂದು ಘನ ಮೀಟರ್ ನೀರಿನಲ್ಲಿ ಸರಾಸರಿ 288 ಪ್ಲಾಸ್ಟಿಕ್ ಕಣಗಳಿದ್ದವು. ತಳದ ಒಂದು ಕಿಲೋ ಮಣ್ಣಿನಲ್ಲಿ 96. ಐದು ಮಿಲಿಮೀಟರಿಗಿಂತ ಚಿಕ್ಕದಾದ ಇವುಗಳನ್ನು ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ.

ತೋಡಿಗೆ ಎಸೆದ ಚೀಲ ಬಿಸಿಲಿಗೆ ಬಿರಿದು ಚೂರಾಗುತ್ತದೆಯೇ ಹೊರತು ಕರಗುವುದಿಲ್ಲ. ಬಾಯಿ ತೆರೆದು ಈಜುತ್ತ ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಬೂತಾಯಿ, ಬಂಗುಡೆಗಳಿಗೆ ಆಹಾರ ಯಾವುದು, ಪ್ಲಾಸ್ಟಿಕ್ ಯಾವುದು ಎಂಬುದು ತಿಳಿಯದು. ತೂತುಕುಡಿಯಲ್ಲಿ ಹಿಡಿದ ಬಂಗುಡೆಗಳಲ್ಲಿ ಇಂತಹ ಕಣಗಳಿದ್ದುದು 2018ರಲ್ಲಿ ವರದಿಯಾಯಿತು.

ಹಾಗೆಂದು ಮೀನನ್ನು ತ್ಯಜಿಸಬೇಕಾಗಿಲ್ಲ. ಕಣಗಳು ಹೆಚ್ಚಾಗಿ ಮೀನಿನ ಕರುಳಿನಲ್ಲಿರುವುದರಿಂದ, ಹೊಟ್ಟೆ ತೆಗೆದು ಶುಚಿಗೊಳಿಸಿದಾಗ ಬಹುಪಾಲು ಹೊರಹೋಗುತ್ತವೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ತಿಳಿಸಿದೆ. ಇಡಿಯಾಗಿ ತಿನ್ನುವ ಮರುವಾಯಿ ಹಾಗೂ ಸಣ್ಣ ಒಣಮೀನುಗಳ ವಿಷಯದಲ್ಲಿ ಮಾತ್ರ ಆ ಅನುಕೂಲವಿಲ್ಲ.

ಕಡಲಿಗೆ ಬೀಸಿದ ಬಲೆಯ ಸಾಮತಿಯಲ್ಲಿ, ಒಳ್ಳೆಯ ಮೀನನ್ನು ಬುಟ್ಟಿಗೆ ತುಂಬಿ ಕೆಟ್ಟದ್ದನ್ನು ಎಸೆದರೆಂದು ಪ್ರಭು ಯೇಸು ನುಡಿದರು. ಇಂದು ಅದೇ ಬಲೆಗೆ ನಾವು ಎಸೆದ ಚೀಲಗಳೂ ಬೀಳುತ್ತಿವೆ. ಜಗದ್ಗುರು ಫ್ರಾನ್ಸಿಸರು 2015ರಲ್ಲಿ 'ಲೌದಾತೊ ಸೀ' ವಿಶ್ವಪತ್ರದ ಮೂಲಕ ಭೂಮಿಯನ್ನು ನಮ್ಮೆಲ್ಲರ ಮನೆಯೆಂದು ಕರೆದರು. ಸೃಷ್ಟಿಯ ಸಂರಕ್ಷಣೆಗಾಗಿ ಪ್ರಾರ್ಥಿಸುವ ದಿನದ 2018ರ ಸಂದೇಶದಲ್ಲಿ ಕಡಲಲ್ಲಿ ತೇಲುವ ಪ್ಲಾಸ್ಟಿಕ್ಕಿನ ಬಗ್ಗೆ ಎಚ್ಚರಿಸಿದರು.

ಕೆಲವು ಬಗೆಯ ಪ್ಲಾಸ್ಟಿಕ್ ವಸ್ತುಗಳನ್ನು ಕರ್ನಾಟಕ 2016ರಲ್ಲಿ, ಕೇಂದ್ರ ಸರಕಾರ 2022ರ ಜುಲೈ 1ರಂದು ನಿಷೇಧಿಸಿದವು. ಆದರೆ ಮದುವೆ, ರೋಸ್, ಸಾಂತ್‌ಮಾರಿಗಳ ಮರುದಿನ ಚಪ್ಪರದ ಹಿಂದೆ ಬೀಳುವ ರಾಶಿಯನ್ನು ಕಾನೂನೊಂದೇ ತಡೆಯಲಾರದು. ಗುರ್ಕಾರರು ತಮ್ಮ ವಾಡೆಯ ಕುಟುಂಬಗಳೊಂದಿಗೆ ಕುಳಿತು ನಿರ್ಧರಿಸಿದರೆ ಬಾಳೆಎಲೆ, ಸ್ಟೀಲ್ ಲೋಟಗಳು ಮರಳಿ ಬರಬಲ್ಲವು. ಮಳೆಗೆ ಮೊದಲು ಊರ ತೋಡು ಶುಚಿಯಾಗಬಲ್ಲುದು.

ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಕನ್ಯಾಮಾತೆಗೆ ಹೂವುಗಳನ್ನು ಅರ್ಪಿಸಲು ಮಕ್ಕಳು ಬುಟ್ಟಿ ಹಿಡಿದು ಬರುತ್ತಾರೆ. ಆ ಮಕ್ಕಳ ಬಟ್ಟಲಿಗೆ ನಾಳೆ ಬೀಳುವ ಮೀನು ಹೇಗಿರಬೇಕೆಂಬುದನ್ನು ಇಂದು ನಮ್ಮ ಅಂಗಳದಲ್ಲಿಯೇ ತೀರ್ಮಾನಿಸಬೇಕಾಗಿದೆ.