ಬಲ್ಲವರಿಗೂ ಒಬ್ಬ ಗುರು



ನಮ್ಮ ಭೀಮನಬೀಡಿನ ಕಲಿಕಾ ಕೇಂದ್ರದಲ್ಲಿ ವಾರಕ್ಕೊಂದು ದಿನ ಪತ್ರಿಕೆ ಓದುತ್ತೇವೆ. ಊಟ, ಪಾತ್ರೆ ಎಲ್ಲ ಮುಗಿಸಿ ನೀವು ಬಂದು ಕೂರುತ್ತೀರಿ. ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ. ಒಂದು ದಿನ ಆಟದ ಪುಟದಲ್ಲಿ ಒಂದು ಸುದ್ದಿ ಸಿಕ್ಕಿತು. ಅಮೆರಿಕದ ಒಂದು ಬ್ಯಾಸ್ಕೆಟ್‌ಬಾಲ್ ತಂಡ ಹೊಸದಾಗಿ ಒಬ್ಬ ಗುರುವನ್ನು ಸೇರಿಸಿಕೊಂಡಿದೆ. ಆಟಗಾರರನ್ನು ಬೆಳೆಸುವುದೇ ಆ ಗುರುವಿನ ಕೆಲಸ.

ಹಿಂದೆ ಕೂತಿದ್ದ ಒಬ್ಬ ಅಕ್ಕ ಕೇಳಿದರು: "ಅಲ್ಲ ಟೀಚರಮ್ಮ, ಕೋಟಿ ಕೋಟಿ ದುಡ್ಡು ತಗೊಂಡು ಆಡೋರು ಅವರು. ಆಟ ಬರದೇ ಇದ್ರೆ ಅಷ್ಟು ದುಡ್ಡು ಕೊಡ್ತಾರಾ? ಅವರಿಗೂ ಹೇಳ್ಕೊಡಬೇಕಾ?"

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಕೇಳಿದ್ದು ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕೋಣ ಬನ್ನಿ.

ಬುಟ್ಟಿಗೆ ಚೆಂಡು ಹಾಕುವ ಆಟ

ಮೊದಲು ಆಟ ಯಾವುದು ಅಂತ ತಿಳಿಯೋಣ. ಬ್ಯಾಸ್ಕೆಟ್ ಅಂದರೆ ಬುಟ್ಟಿ. ಬಾಲ್ ಅಂದರೆ ಚೆಂಡು. ಬುಟ್ಟಿಗೆ ಚೆಂಡು ಹಾಕುವ ಆಟವೇ ಬ್ಯಾಸ್ಕೆಟ್‌ಬಾಲ್.

ಈ ಆಟವನ್ನು ಹುಟ್ಟಿಸಿದವರು ಒಬ್ಬ ಮೇಷ್ಟ್ರು. ಅವರ ಹೆಸರು ಜೇಮ್ಸ್ ನೈಸ್ಮಿತ್. ಅದು 1891ನೇ ಇಸವಿ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರು. ಚಳಿಗಾಲ. ಹೊರಗೆ ಆಡುವಂತಿಲ್ಲ. ಹುಡುಗರಿಗೆ ಒಳಗೇ ಆಡುವ ಆಟ ಬೇಕಿತ್ತು. ಮೇಷ್ಟ್ರು ಹಣ್ಣು ತುಂಬುವ ಎರಡು ಬುಟ್ಟಿ ತರಿಸಿದರು. ಕೋಣೆಯ ಆ ತುದಿಗೊಂದು, ಈ ತುದಿಗೊಂದು ಎತ್ತರದಲ್ಲಿ ಹೊಡೆಸಿದರು. ಚೆಂಡನ್ನು ಬುಟ್ಟಿಗೆ ಹಾಕಿರಿ ಎಂದರು. ಬುಟ್ಟಿಗೆ ತಳ ಇತ್ತು. ಹಾಗಾಗಿ ಚೆಂಡು ಒಳಗೇ ಉಳಿಯುತ್ತಿತ್ತು. ಪ್ರತಿ ಸಲ ಏಣಿ ಹತ್ತಿ ತೆಗೆಯಬೇಕಿತ್ತು!

ಈಗ ಬುಟ್ಟಿ ಇಲ್ಲ. ಕಬ್ಬಿಣದ ಬಳೆ, ಅದಕ್ಕೆ ತಳವಿಲ್ಲದ ಬಲೆ ಇದೆ. ಬಳೆ ನೆಲದಿಂದ 10 ಅಡಿ ಎತ್ತರ. ಒಂದು ತಂಡದಿಂದ ಒಂದು ಸಲಕ್ಕೆ 5 ಜನ ಆಡುತ್ತಾರೆ. ಹತ್ತಿರದಿಂದ ಹಾಕಿದರೆ 2 ಅಂಕ. ದೂರದ ಗೆರೆಯ ಆಚೆಯಿಂದ ಹಾಕಿದರೆ 3 ಅಂಕ.

ಹೆಂಗಸರು ಈ ಆಟ ಯಾವಾಗ ಶುರು ಮಾಡಿದರು ಗೊತ್ತೇ? ಮರುವರ್ಷವೇ, 1892ರಲ್ಲಿ. ಹುಡುಗಿಯರ ಕಾಲೇಜೊಂದರಲ್ಲಿ ಸೆಂಡಾ ಬೆರೆನ್ಸನ್ ಎಂಬ ಟೀಚರು ಅದನ್ನು ಕಲಿಸಿದರು. 1893ರಲ್ಲಿ ಅಲ್ಲಿ ಪಂದ್ಯ ನಡೆಯಿತು. ಅದನ್ನು ನೋಡಲು ಗಂಡಸರನ್ನು ಒಳಗೆ ಬಿಡಲಿಲ್ಲ.

ಇಬ್ಬರು ಗುರುಗಳು, ಎರಡು ಕೆಲಸ

ಸಂಬಳಕ್ಕೆ ಆಡುವ ತಂಡಕ್ಕೆ ವೃತ್ತಿಪರ ತಂಡ ಅನ್ನುತ್ತಾರೆ. ಅಂಥ ತಂಡಕ್ಕೆ ಒಬ್ಬ ಮುಖ್ಯ ಕೋಚ್ ಇರುತ್ತಾರೆ. ಕೋಚ್ ಅಂದರೆ ಆಟ ಕಲಿಸುವ ಗುರು. ಇವತ್ತು ಯಾರು ಆಡಬೇಕು, ಎದುರು ತಂಡವನ್ನು ಹೇಗೆ ಸೋಲಿಸಬೇಕು ಎಂಬುದನ್ನು ನೋಡುವವರು ಅವರು.

ಅಮೆರಿಕದ ದೊಡ್ಡ ಪಂದ್ಯಾವಳಿಯ ಹೆಸರು ಎನ್‌ಬಿಎ. ಅಲ್ಲಿ ಒಂದೊಂದು ತಂಡ ವರ್ಷಕ್ಕೆ 82 ಪಂದ್ಯ ಆಡುತ್ತದೆ. ಇವತ್ತು ಈ ಊರು, ನಾಳೆ ಆ ಊರು. ಮುಖ್ಯ ಕೋಚಿಗೆ ಸೋಲು ಗೆಲುವಿನದೇ ಚಿಂತೆ. ಒಬ್ಬೊಬ್ಬರ ಪಕ್ಕ ಕೂತು ತಿದ್ದಲು ಹೊತ್ತೆಲ್ಲಿ?

ಅದಕ್ಕೇ ಇನ್ನೊಬ್ಬ ಗುರು ಬೇಕು. ಇವರು ಇಡೀ ತಂಡವನ್ನು ನೋಡುವವರಲ್ಲ. ಒಬ್ಬ ಆಟಗಾರನನ್ನು ನೋಡುತ್ತಾರೆ. ಒಬ್ಬನಿಗೆ ಬಲಗೈ ಚೆನ್ನಾಗಿ ಓಡುತ್ತದೆ, ಎಡಗೈ ಓಡುವುದಿಲ್ಲ. ಇನ್ನೊಬ್ಬನಿಗೆ ಹತ್ತಿರದಿಂದ ಹಾಕಲು ಬರುತ್ತದೆ, ದೂರದಿಂದ ಬರುವುದಿಲ್ಲ. ಮತ್ತೊಬ್ಬ ಚೆಂಡು ಬಿಡುವಾಗ ಮೊಣಕೈ ಹೊರಗೆ ಹೋಗುತ್ತದೆ. ಅವನಿಗೇ ಅದು ಗೊತ್ತಿರುವುದಿಲ್ಲ. ಗುರು ಅವನ ಆಟದ ವಿಡಿಯೋ ತೋರಿಸುತ್ತಾರೆ. "ನೋಡು, ಇಲ್ಲಿ ತಪ್ಪುತ್ತಿದೆ" ಅನ್ನುತ್ತಾರೆ. ಬೇರೆಯವರು ಬರುವ ಮೊದಲೇ ಮೈದಾನಕ್ಕೆ ಕರೆಯುತ್ತಾರೆ. ಅದೊಂದನ್ನೇ ಮತ್ತೆ ಮತ್ತೆ ಮಾಡಿಸುತ್ತಾರೆ. ನೂರು ಸಲ ಎಸೆದರೆ ಎಷ್ಟು ಬಿತ್ತು ಎಂದು ಬರೆದಿಡುತ್ತಾರೆ. ಮುಂದಿನ ವಾರ ಮತ್ತೆ ಎಣಿಸುತ್ತಾರೆ.

ನಮ್ಮ ಹೊಲದ ಕೆಲಸ ನೆನೆಸಿಕೊಳ್ಳಿ. ಅರಿಶಿನದ ಹೊಲದಲ್ಲಿ ಕಳೆ ಕೀಳುವಾಗ ಮೇಸ್ತ್ರಿ ಏನು ನೋಡುತ್ತಾನೆ? ಸಂಜೆಯೊಳಗೆ ಸಾಲು ಮುಗಿಯಿತಾ ಅಂತ ನೋಡುತ್ತಾನೆ. ಆದರೆ ಹೊಸದಾಗಿ ಬಂದ ಹುಡುಗಿಗೆ ಹೇಳಿಕೊಡುವವರು ಯಾರು? ಪಕ್ಕದ ಸಾಲಿನ ಅಜ್ಜಿ. "ಹಂಗಲ್ಲ ಕಣವ್ವ, ಬುಡಕ್ಕೆ ಕೈ ಹಾಕು" ಅಂತಾರೆ. ಮೇಸ್ತ್ರಿ ಮುಖ್ಯ ಕೋಚ್ ಇದ್ದಂತೆ. ಆ ಅಜ್ಜಿ, ಬೆಳೆಸುವ ಗುರು ಇದ್ದಂತೆ.

ಗಂಡಸರಿಗೆ ಕಲಿಸಿದ ಹೆಣ್ಣುಮಗಳು

ಈ ಕೆಲಸದಲ್ಲಿ ಹೆಂಗಸರೂ ಇದ್ದಾರೆ. ಲಿಂಡ್ಸೆ ಹಾರ್ಡಿಂಗ್ ಎಂಬುವರು ಅಮೆರಿಕದ ಹೆಂಗಸರ ತಂಡಗಳಲ್ಲಿ ಆಡಿದವರು. ಆಟ ಬಿಟ್ಟ ಮೇಲೆ 2019ರಲ್ಲಿ ಫಿಲಡೆಲ್ಫಿಯಾ ಊರಿನ ಗಂಡಸರ ತಂಡದಲ್ಲಿ ಬೆಳೆಸುವ ಗುರುವಾದರು. ಆರಾರೂವರೆ ಅಡಿ ಎತ್ತರದ ಗಂಡಸರು ಒಬ್ಬ ಹೆಣ್ಣುಮಗಳಿಂದ ಕಲಿತರು. ಅವರಿಗೆ ಅದರಲ್ಲಿ ಅವಮಾನ ಕಾಣಲಿಲ್ಲ.

2023ರಲ್ಲಿ ಲಿಂಡ್ಸೆ ಸ್ಟಾಕ್ಟನ್ ಎಂಬ ಊರಿನ ಗಂಡಸರ ತಂಡಕ್ಕೆ ಮುಖ್ಯ ಕೋಚ್ ಆದರು. 2024ರಲ್ಲಿ ಆ ಪಂದ್ಯಾವಳಿಯ ವರ್ಷದ ಕೋಚ್ ಎಂಬ ಗೌರವ ಪಡೆದರು. ಒಬ್ಬೊಬ್ಬರನ್ನು ತಿದ್ದುವ ಕೆಲಸದಿಂದ ಶುರು ಮಾಡಿ, ಇಡೀ ತಂಡ ನಡೆಸುವ ಜಾಗಕ್ಕೆ ಬಂದರು.

ನಮ್ಮ ಬೆಂಗಳೂರಿನ ತಂಡ

ಅಮೆರಿಕ ದೂರ. ನಮ್ಮ ರಾಜ್ಯದ ಮಾತಿಗೆ ಬರೋಣ.

2023ರ ಮಾರ್ಚ್ ತಿಂಗಳಲ್ಲಿ ಹೆಂಗಸರ ಕ್ರಿಕೆಟ್ ಲೀಗ್ ಮೊದಲ ಸಲ ನಡೆಯಿತು. ನಮ್ಮ ಬೆಂಗಳೂರಿನ ಆರ್‌ಸಿಬಿ ತಂಡವೂ ಇತ್ತು. ಕ್ರಿಕೆಟ್ ಕಲಿಸುವ ಕೋಚ್‌ಗಳ ಜೊತೆಗೆ ಆ ತಂಡ ಇನ್ನೊಬ್ಬರನ್ನು ಕರೆಯಿತು. ಅವರು ಟೆನಿಸ್ ಆಡಿ ಹೆಸರಾದ ಸಾನಿಯಾ ಮಿರ್ಜಾ. ಟೆನಿಸ್ ಬೇರೆ, ಕ್ರಿಕೆಟ್ ಬೇರೆ. ಹಾಗಾದರೆ ಯಾಕೆ ಕರೆದರು? ಬ್ಯಾಟು ಹಿಡಿಯುವುದನ್ನು ಕಲಿಸಲು ಅಲ್ಲ. ಸಾವಿರಾರು ಜನರ ಮುಂದೆ ಆಡುವಾಗ ಎದೆ ನಡುಗುತ್ತದೆ. ಸೋತ ಮೇಲೆ ಮನಸ್ಸು ಕುಗ್ಗುತ್ತದೆ. ಅದನ್ನೆಲ್ಲ ಕಂಡುಂಡ ಅಕ್ಕ ಒಬ್ಬರು ಪಕ್ಕದಲ್ಲಿರಲಿ ಅಂತ ಕರೆದರು.

ಆ ವರ್ಷ ತಂಡ ಗೆದ್ದಿತೇ? ಇಲ್ಲ. ಮೊದಲ 5 ಪಂದ್ಯ ಸಾಲಾಗಿ ಸೋತಿತು. ಒಟ್ಟು 8 ಪಂದ್ಯದಲ್ಲಿ ಎರಡೇ ಗೆದ್ದಿತು. ಗುರು ಬಂದ ಕೂಡಲೇ ಗೆಲುವು ಬರುವುದಿಲ್ಲ. ಬೀಜ ಹಾಕಿದ ದಿನವೇ ಚೆಂಡುಹೂ ಬಿಡುತ್ತದೆಯೇ?

ಮರುವರ್ಷ, 2024ರ ಮಾರ್ಚ್ 17ರಂದು ಅದೇ ತಂಡ ದೆಹಲಿಯಲ್ಲಿ ಕಪ್ ಗೆದ್ದಿತು. ನಮ್ಮ ಕರ್ನಾಟಕದ ಹುಡುಗಿ ಶ್ರೇಯಾಂಕಾ ಪಾಟೀಲ್ ಕೊನೆಯ ಪಂದ್ಯದಲ್ಲಿ 4 ವಿಕೆಟ್ ತೆಗೆದರು. ಒಟ್ಟು 13 ವಿಕೆಟ್ ತೆಗೆದು ಇಡೀ ಲೀಗಿಗೇ ಮೊದಲಿಗರಾದರು. ಆರ್‌ಸಿಬಿ ಗಂಡಸರ ತಂಡ 2008ರಿಂದ ಕಪ್ಪಿಗಾಗಿ ಕಾಯುತ್ತಲೇ ಇತ್ತು. ಅವರಿಗೆ ಕಪ್ ಸಿಕ್ಕಿದ್ದು 2025ರಲ್ಲಿ. ಮೊದಲು ತಂದವರು ಹೆಣ್ಣುಮಕ್ಕಳೇ!

ಇನ್ನೂ ಹತ್ತಿರದ ಮಾತು ಹೇಳುತ್ತೇವೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ವಿಶ್ವಕಪ್ ನಡೆಯಿತು. ನಮ್ಮ ಹೆಂಗಸರ ತಂಡ ನೇಪಾಳವನ್ನು 78–40ರಿಂದ ಸೋಲಿಸಿತು. ಆ ತಂಡದಲ್ಲಿದ್ದ ಬಿ. ಚೈತ್ರಾ ಯಾವ ಊರಿನವರು ಗೊತ್ತೇ? ಪಕ್ಕದ ಮೈಸೂರು ಜಿಲ್ಲೆಯವರು. ಟಿ. ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮದವರು. ರೈತರ ಮನೆಯ ಮಗಳು. ಊರಿನ ಶಾಲೆಯಲ್ಲೇ ಆಟ ಕಲಿತವರು. ದೊಡ್ಡ ತಂಡಗಳ ಗುರುಗಳು ಆಮೇಲೆ ಬರುತ್ತಾರೆ. ಮೊದಲ ಗುರು ಇರುವುದು ಶಾಲೆಯ ಮೈದಾನದಲ್ಲಿ. ನಿಮ್ಮ ಮಗಳು ಆಡುತ್ತೇನೆ ಅಂದರೆ, "ದೊಡ್ಡವಳಾದೆ, ಸಾಕು ಬಾ" ಅನ್ನಬೇಡಿ.

ನಮ್ಮ ತರಗತಿಯಲ್ಲಿ ನಡೆದದ್ದು

ಈಗ ನಮ್ಮದೇ ಒಂದು ತಪ್ಪನ್ನು ಹೇಳಬೇಕು.

ನಮ್ಮ ಕೇಂದ್ರಕ್ಕೆ ಒಬ್ಬ ಅಕ್ಕ ದಿನವೂ ಬರುತ್ತಿದ್ದರು. ಒಂದು ದಿನ ಬರುವುದನ್ನು ನಿಲ್ಲಿಸಿಬಿಟ್ಟರು. ಹೊಲದ ಕೆಲಸ ಇರಬೇಕು ಅಂದುಕೊಂಡೆವು. ಎರಡು ವಾರ ಕಳೆಯಿತು. ಮನೆಗೆ ಹೋದೆವು. ಜಗಲಿ ಮೇಲೆ ಹೂ ಕಟ್ಟುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

"ನನ್ನ ತಲೆಗೆ ಹತ್ತಾಕಿಲ್ಲ ಟೀಚರಮ್ಮ. ನಾನು ಓದಿದ್ರೆ ಎಲ್ರೂ ನಗ್ತಾರೆ. ಈ ವಯಸ್ಸಲ್ಲಿ ಬ್ಯಾಡ ಬುಡಿ" ಅಂದರು.

ಅವರ ಪುಸ್ತಕ ತರಿಸಿ ನೋಡಿದೆವು. ಅಕ್ಷರ ಎಲ್ಲ ಸರಿ ಇತ್ತು. ಕಾಗುಣಿತ ಸರಿ ಇತ್ತು. ಒಂದೇ ಒಂದು ತಪ್ಪು. ಒತ್ತಕ್ಷರ ಬರುತ್ತಿರಲಿಲ್ಲ. ಅಕ್ಕ ಎಂದು ಬರೆಯುವ ಕಡೆ ಅಕಕ ಎಂದು ಬರೆದಿದ್ದರು. ಅಪ್ಪ ಎನ್ನುವ ಕಡೆ ಅಪಪ ಎಂದಿತ್ತು. ಅಷ್ಟೇ! ಅದೊಂದಕ್ಕೆ ತನಗೆ ಏನೂ ಬರುವುದಿಲ್ಲ ಅಂದುಕೊಂಡಿದ್ದರು.

ತಪ್ಪು ಅವರದಲ್ಲ, ನಮ್ಮದು. ನಾವು ಹಲಗೆ ಮೇಲೆ ಬರೆದೆವು, ಎಲ್ಲರಿಗೂ ಒಟ್ಟಿಗೆ ಓದಿಸಿದೆವು. ಎಲ್ಲರಿಗೂ ಬಂತು ಅಂದುಕೊಂಡೆವು. ಒಬ್ಬೊಬ್ಬರ ಪುಸ್ತಕ ನೋಡಲಿಲ್ಲ.

ಮಾರನೆಯ ದಿನದಿಂದ ತರಗತಿಗೆ ಮೊದಲು ಹತ್ತು ನಿಮಿಷ ಅವರ ಪಕ್ಕ ಕೂತೆವು. ಒತ್ತಕ್ಷರ ಬಿಟ್ಟು ಬೇರೇನೂ ಇಲ್ಲ. ಅಕ್ಕ, ಅಪ್ಪ, ಹಬ್ಬ, ಕಬ್ಬು, ಬೆಲ್ಲ. ಮೊದಲ ವಾರ ಹತ್ತರಲ್ಲಿ ಮೂರು ಸರಿ. ಆಮೇಲೆ ಆರು. ಆಮೇಲೆ ಒಂಬತ್ತು. ಒಂದು ತಿಂಗಳಾದ ಮೇಲೆ ಸಂಘದ ಸಭೆಯಲ್ಲಿ ತನ್ನ ಉಳಿತಾಯದ ಲೆಕ್ಕವನ್ನು ತಾನೇ ಓದಿದರು. ಯಾರೂ ನಗಲಿಲ್ಲ.

ಅಂದಿನಿಂದ ನಮ್ಮ ಕೇಂದ್ರದಲ್ಲಿ ಒಂದು ಪದ್ಧತಿ ಇದೆ. ಕೂಡುವ ಲೆಕ್ಕ ಬಲ್ಲವರು, ಬಾರದವರ ಪಕ್ಕ ಕೂರುತ್ತಾರೆ. ಒತ್ತಕ್ಷರ ಬಲ್ಲವರು ಇನ್ನೊಬ್ಬರ ಪಕ್ಕ ಕೂರುತ್ತಾರೆ. ಈಗ ಆ ಅಕ್ಕನೂ ಒಬ್ಬರಿಗೆ ಹೇಳಿಕೊಡುತ್ತಿದ್ದಾರೆ.

ಕೋಟಿ ಪಡೆದು ಆಡುವವರಿಗೂ ಎಡಗೈ ಓಡದೆ ಇರಬಹುದು. ಅವರು ಅದನ್ನು ಮುಚ್ಚಿಡುವುದಿಲ್ಲ. ಗುರುವಿನ ಮುಂದೆ ಇಡುತ್ತಾರೆ, ತಿದ್ದಿಕೊಳ್ಳುತ್ತಾರೆ. ಬಲ್ಲವರಿಗೇ ಗುರು ಬೇಕು ಅಂದ ಮೇಲೆ, ಈಗ ಕಲಿಯುತ್ತಿರುವ ನಮಗೆ ಕೇಳಲು ನಾಚಿಕೆ ಯಾಕೆ? ಬಾರದ್ದನ್ನು "ಇದು ಬರಲ್ಲ, ಹೇಳ್ಕೊಡಿ" ಅನ್ನಿ. ಕಲಿಕೆ ಅಲ್ಲಿಂದಲೇ ಶುರು.

ಹೊಸ ಮಾತುಗಳು
ಕೋಚ್: ಆಟ ಕಲಿಸುವ ಗುರು, ತರಬೇತುದಾರ
ವೃತ್ತಿಪರ ತಂಡ: ಸಂಬಳಕ್ಕೆ ಆಡುವ ತಂಡ
ಪಂದ್ಯಾವಳಿ, ಲೀಗ್: ಹಲವು ತಂಡಗಳು ಸೇರಿ ಆಡುವ ಪಂದ್ಯಗಳು

ಮಾತಾಡೋಣ
1. ಮುಖ್ಯ ಕೋಚ್ ಮತ್ತು ಬೆಳೆಸುವ ಗುರು, ಇಬ್ಬರ ಕೆಲಸದಲ್ಲಿ ಏನು ವ್ಯತ್ಯಾಸ?
2. ನಿಮಗೆ ಪಕ್ಕದಲ್ಲಿ ಕೂತು ಕೆಲಸ ಕಲಿಸಿದವರು ಯಾರು? ಅವರ ಹೆಸರು ಬರೆಯಿರಿ.
3. ಓದು ಬರಹದಲ್ಲಿ ನಿಮಗೆ ಇನ್ನೂ ಬಾರದ ಒಂದು ಸಂಗತಿ ಯಾವುದು? ಇವತ್ತೇ ಪಕ್ಕದವರನ್ನು ಕೇಳಿ.