ಕಿರು ಹೆಲಿಕಾಪ್ಟರ್: ಪಾಲನೆ ಮತ್ತು ಪರಿಷ್ಕರಣೆ

ಕಾಸರಗೋಡು ಜಿಲ್ಲೆಯಲ್ಲಿ ಹೆಲಿಕಾಪ್ಟರ್ ಎಂಬ ಶಬ್ದಕ್ಕೆ ಒಂದು ಕಹಿ ನೆನಪು ಅಂಟಿಕೊಂಡಿದೆ. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ, ಟೀ ಸೊಳ್ಳೆಯ ಹಾವಳಿಯನ್ನು ತಡೆಯಲೆಂದು, ಹೆಲಿಕಾಪ್ಟರುಗಳು ಎಂಡೋಸಲ್ಫಾನ್ ಸಿಂಪಡಿಸಿದವು. ಬಾಧಿತ ಪಂಚಾಯತುಗಳ ಪಟ್ಟಿಯಲ್ಲಿ ದೇಲಂಪಾಡಿಯ ಆಸುಪಾಸಿನ ಕಾರಡ್ಕ, ಬೆಳ್ಳೂರು, ಮುಳಿಯಾರುಗಳೂ ಇವೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕದ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ದೇಶಾದ್ಯಂತ ತಡೆಹಿಡಿಯಿತು.

ಅದೇ ತತ್ತ್ವದ ಯಂತ್ರವು ಇಂದು ಒಂದೂವರೆ ಮೊಳದ ಅಳತೆಗೆ ಕುಗ್ಗಿ, ಹವ್ಯಾಸಿಗಳ ಕೈಗೆ ಬಂದಿದೆ. ರೇಡಿಯೊ ನಿಯಂತ್ರಿತ ಕಿರು ಹೆಲಿಕಾಪ್ಟರನ್ನು 1960ರ ದಶಕದ ಕೊನೆಯ ವೇಳೆಗೆ ಹಾರಿಸಿ ತೋರಿಸಿದವರಲ್ಲಿ ಜರ್ಮನಿಯ ಡೀಟರ್ ಶ್ಲೂಟರ್ ಅಗ್ರಗಣ್ಯರು. ಜಪಾನಿನ ಯಮಹಾ ಸಂಸ್ಥೆಯು 1987ರಲ್ಲಿ ಚಾಲಕರಹಿತ ಹೆಲಿಕಾಪ್ಟರನ್ನು ಭತ್ತದ ಗದ್ದೆಗಳ ಸಿಂಪಡಣೆಗೆ ಇಳಿಸಿತು. ಹೀಗಾಗಿ ಕಿರು ಹೆಲಿಕಾಪ್ಟರನ್ನು ಬರಿಯ ಆಟಿಕೆಯೆಂದು ತಳ್ಳಿಹಾಕುವಂತಿಲ್ಲ. ಅದು ದೊಡ್ಡ ಯಂತ್ರದ ಎಲ್ಲ ಸೂಕ್ಷ್ಮಗಳನ್ನೂ, ಎಲ್ಲ ಅಪಾಯಗಳನ್ನೂ ಚಿಕ್ಕ ಗಾತ್ರದಲ್ಲಿ ಹೊತ್ತಿರುತ್ತದೆ.

ಇಂದು ಎಲ್ಲೆಡೆ ಕಾಣುವ ನಾಲ್ಕು ರೆಕ್ಕೆಗಳ ಡ್ರೋನಿಗೂ ಹೆಲಿಕಾಪ್ಟರಿಗೂ ಮೂಲಭೂತವಾದ ಅಂತರವಿದೆ. ಡ್ರೋನು ನಾಲ್ಕು ಮೋಟಾರುಗಳ ವೇಗವನ್ನು ಹೆಚ್ಚುಕಡಿಮೆ ಮಾಡಿ ದಿಕ್ಕನ್ನು ಬದಲಿಸುತ್ತದೆ. ಹೆಲಿಕಾಪ್ಟರಿನ ಅಲಗುಗಳು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸುತ್ತುತ್ತವೆ. ಬದಲಾಗುವುದು ಅವುಗಳ ಓರೆ. ಎರಡೂ ಅಲಗುಗಳ ಓರೆಯನ್ನು ಒಟ್ಟಿಗೆ ಹೆಚ್ಚಿಸಿದರೆ ಯಂತ್ರವು ಮೇಲೇರುತ್ತದೆ. ಸುತ್ತಿನ ಒಂದು ಪಾರ್ಶ್ವದಲ್ಲಿ ಹೆಚ್ಚಿಸಿ ಇನ್ನೊಂದರಲ್ಲಿ ತಗ್ಗಿಸಿದರೆ ವಾಲಿಕೊಂಡು ಮುಂದಕ್ಕೋ ಪಕ್ಕಕ್ಕೋ ಸಾಗುತ್ತದೆ. ಈ ಆಜ್ಞೆಯನ್ನು ನಿಂತ ಭಾಗದಿಂದ ತಿರುಗುವ ಭಾಗಕ್ಕೆ ದಾಟಿಸುವುದು ಸ್ವಾಶ್‌ಪ್ಲೇಟ್ ಎಂಬ ಜೋಡಿ ತಟ್ಟೆ. ಅದನ್ನು ಸಾಮಾನ್ಯವಾಗಿ ಮೂರು ಸರ್ವೊ ಮೋಟಾರುಗಳು ಎತ್ತಿ ಇಳಿಸುತ್ತವೆ. ಮೇಲಿನ ಅಲಗುಗಳು ಒಂದು ದಿಕ್ಕಿಗೆ ತಿರುಗುವಾಗ ಒಡಲು ವಿರುದ್ಧ ದಿಕ್ಕಿಗೆ ತಿರುಗಲೆಳಸುತ್ತದೆ. ಬಾಲದ ಚಿಕ್ಕ ರೋಟರು ಅದನ್ನು ತಡೆಯುತ್ತದೆ. ಇಷ್ಟು ಕೀಲು, ಕಡ್ಡಿ, ಸನ್ನೆಗಳು ಒಂದನ್ನೊಂದು ನೆಚ್ಚಿಕೊಂಡಿರುವುದರಿಂದಲೇ ಹೆಲಿಕಾಪ್ಟರಿಗೆ ಡ್ರೋನಿಗಿಂತ ಹೆಚ್ಚಿನ ಆರೈಕೆ ಬೇಕಾಗುತ್ತದೆ.

ಆರೈಕೆ ತಪ್ಪಿದರೆ ಏನಾಗಬಹುದೆಂಬುದನ್ನು ಒಂದು ಸರಳ ಲೆಕ್ಕ ತೋರಿಸುತ್ತದೆ. ಸುಮಾರು 800 ಗ್ರಾಂ ತೂಕದ, 70 ಸೆಂಟಿಮೀಟರ್ ರೋಟರ್ ವ್ಯಾಸದ ಯಂತ್ರವು ನಿಮಿಷಕ್ಕೆ 2,800 ಸುತ್ತು ತಿರುಗುತ್ತದೆ ಎಂದುಕೊಂಡರೆ, ಅಲಗಿನ ತುದಿಯ ವೇಗ ಸೆಕೆಂಡಿಗೆ 100 ಮೀಟರಿಗೂ ಮಿಗಿಲು. ಅಲಗಿನ ತೂಕ 30 ಗ್ರಾಂ, ಅದರ ಗುರುತ್ವಕೇಂದ್ರವು ಅಚ್ಚಿನಿಂದ 19 ಸೆಂಟಿಮೀಟರ್ ದೂರದಲ್ಲಿದ್ದರೆ, ಹಿಡಿಕೆಯ ಪುಟ್ಟ ತಿರುಪಿನ ಮೇಲೆ ಬೀಳುವ ಎಳೆತವು ಸುಮಾರು 50 ಕಿಲೋಗ್ರಾಂ ತೂಗುಹಾಕಿದಷ್ಟಾಗುತ್ತದೆ. ಒಂದು ಅಕ್ಕಿಮೂಟೆಯ ಭಾರವನ್ನು ಬೆರಳುದ್ದದ ಕೀಲೊಂದು ಹೊತ್ತು ಸುತ್ತುತ್ತಿದೆ ಎಂದರ್ಥ. ಆ ತಿರುಪು ಸಡಿಲಗೊಂಡರೆ ಅಲಗು ಕತ್ತಿಯಾಗುತ್ತದೆ.

ಆದ್ದರಿಂದ ಪಾಲನೆಯ ಮೊದಲ ಪಾಠ ತಿರುಪುಗಳದು. ಲೋಹಕ್ಕೆ ಲೋಹ ಸೇರುವೆಡೆಯಲ್ಲಿ ತಿರುಪುಬಂಧಕ ಅಂಟಿನ ಒಂದು ಸಣ್ಣ ಹನಿ ಬೇಕು. ಪ್ಲಾಸ್ಟಿಕ್ಕಿಗೆ ಅದು ಸಲ್ಲದು, ಏಕೆಂದರೆ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಅದು ಬಿರಿಯುವಂತೆ ಮಾಡುತ್ತದೆ. ಎರಡನೆಯದು ಹಲ್ಲುಗಾಲಿಗಳ ನಡುವಣ ಅಂತರ. ಮೋಟಾರಿನ ಚಿಕ್ಕ ಗಾಲಿಗೂ ದೊಡ್ಡ ಗಾಲಿಗೂ ನಡುವೆ ತೆಳುವಾದ ಕಾಗದದ ಪಟ್ಟಿಯೊಂದನ್ನು ತೂರಿಸಿ ತಿರುಗಿಸಿದಾಗ ಅದು ಹರಿಯದೆ, ಮಡಿಕೆ ಮೂಡಿ ಹೊರಬಂದರೆ ಹೊಂದಿಕೆ ಸರಿಯಾಗಿದೆ. ಬಿಗಿಯಾದರೆ ಮೋಟಾರು ಕಾಯುತ್ತದೆ. ಸಡಿಲವಾದರೆ ಹಲ್ಲುಗಳು ಸವೆಯುತ್ತವೆ.

ಮೂರನೆಯದು ಎಣ್ಣೆ. ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆ ಎಂಬ ಮಾತು ಇಲ್ಲಿಗೂ ಒಪ್ಪುತ್ತದೆ. ಅಚ್ಚು, ಕೀಲು, ಗಾಲಿ ಎಂಬ ಹಳೆಯ ಮಾತುಗಳೇ ಈ ಹೊಸ ಯಂತ್ರದ ಅರ್ಧಾಂಶವನ್ನು ವಿವರಿಸಬಲ್ಲವು. ಆದರೆ ಗಾಡಿಯ ಅಚ್ಚಿಗೆ ಧಾರಾಳವಾಗಿ ಎಣ್ಣೆ ಸುರಿದಂತೆ ಇಲ್ಲಿ ಸುರಿಯಬಾರದು. ದೇಲಂಪಾಡಿಯಂಥ ಮುರಕಲ್ಲಿನ ನೆಲದಲ್ಲಿ ಬೇಸಿಗೆಯ ಕೆಂಧೂಳು ಎಣ್ಣೆಗೆ ಅಂಟಿ ಅರಗಾಗದಂತೆ ಅರೆಯುತ್ತದೆ. ಮುಖ್ಯ ಅಚ್ಚಿಗೆ ತೆಳುವಾದ ಲೇಪ ಸಾಕು; ನೈಲಾನ್ ಹಲ್ಲುಗಾಲಿಗಳನ್ನು ಸಾಮಾನ್ಯವಾಗಿ ಒಣದಾಗಿಯೇ ಬಿಡುವುದು ಲೇಸು.

ನಾಲ್ಕನೆಯದು ಮಳೆಗಾಲದ ಎಚ್ಚರ. ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಪಯಸ್ವಿನಿಯ ಈ ದಂಡೆಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಯಂತ್ರವು ಬಹುತೇಕ ಮನೆಯೊಳಗೇ ಇರುತ್ತದೆ. ಬೇರಿಂಗುಗಳಿಗೆ ತುಕ್ಕು, ವಿದ್ಯುತ್ ಸಂಧಿಗಳಿಗೆ ಕಿಲುಬು ಹಿಡಿಯುವ ಕಾಲವದು. ಅಕ್ಕಿಯನ್ನು ಮುಡಿ ಕಟ್ಟಿ ತೇವದಿಂದ ಕಾಪಾಡಿದ ಸೀಮೆಗೆ ಇದರ ಉಪಾಯವನ್ನು ಹೊಸದಾಗಿ ಹೇಳಬೇಕಾಗಿಲ್ಲ: ಗಾಳಿಯಾಡದ ಡಬ್ಬಿ, ಅದರೊಳಗೆ ತೇವವನ್ನು ಹೀರುವ ಸಿಲಿಕಾ ಜೆಲ್ ಪೊಟ್ಟಣ.

ಬ್ಯಾಟರಿಯನ್ನು ಮಾತ್ರ ಬೇರೆಯಾಗಿಯೇ ಇಡಬೇಕು. ಲಿಥಿಯಂ ಪಾಲಿಮರ್ ಕೋಶವೊಂದು ಪೂರ್ಣ ತುಂಬಿದಾಗ 4.2 ವೋಲ್ಟ್ ತೋರಿಸುತ್ತದೆ. 3 ವೋಲ್ಟಿಗಿಂತ ಕೆಳಗಿಳಿದರೆ ಕೆಡುತ್ತದೆ. ತಿಂಗಳುಗಟ್ಟಲೆ ಇಡುವುದಾದರೆ ಸುಮಾರು 3.8 ವೋಲ್ಟಿನಲ್ಲಿ ನಿಲ್ಲಿಸಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು. ಚಾರ್ಜಿಗೆ ಇಟ್ಟು ಮಲಗುವುದು, ಒಣಗಿದ ಅಡಿಕೆ ಸಿಪ್ಪೆಯೋ ಸೋಗೆಯೋ ಇರುವ ಕೊಟ್ಟಿಗೆಯಲ್ಲಿ ಚಾರ್ಜು ಮಾಡುವುದು ಮನೆಗೆ ಬೆಂಕಿಯನ್ನು ಆಹ್ವಾನಿಸಿದಂತೆ.

ಯಂತ್ರವು ಒಮ್ಮೆ ಬಿದ್ದರೆ, ಮುರಿದ ಭಾಗಕ್ಕಿಂತ ಮುರಿಯದೆ ಉಳಿದ ಭಾಗವನ್ನೇ ಹೆಚ್ಚು ಸಂದೇಹದಿಂದ ನೋಡಬೇಕು. ಮುಖ್ಯ ಅಚ್ಚನ್ನೂ ಅಲಗುಗಳ ಹಿಡಿಕೆಯೊಳಗಿನ ಅಚ್ಚನ್ನೂ ಬಿಚ್ಚಿ ಗಾಜಿನ ಹಲಗೆಯ ಮೇಲೆ ಉರುಳಿಸಿದರೆ, ಕಣ್ಣಿಗೆ ಕಾಣದ ಬಾಗು ತೊಡರಾಗಿ ಕಾಣಿಸಿಕೊಳ್ಳುತ್ತದೆ. ಬಾಗಿದ್ದನ್ನು ಬಡಿದು ನೆಟ್ಟಗೆ ಮಾಡಬಾರದು; ಬದಲಿಸಬೇಕು. ಅಲಗುಗಳಲ್ಲಿ ಒಂದಕ್ಕೆ ಪೆಟ್ಟಾದರೂ ಜೋಡಿಯನ್ನೇ ಬದಲಿಸಿ, ತೂಕದ ಸಮತೋಲನವನ್ನು ನೋಡಿಕೊಳ್ಳುವುದು ಕ್ರಮ.

ಇಷ್ಟಾದ ಮೇಲೆ ಪರಿಷ್ಕರಣೆಯ ಮಾತು. ಹೊಸಬರು ಬಹುಮಟ್ಟಿಗೆ ಇಲ್ಲಿಂದಲೇ ಆರಂಭಿಸುತ್ತಾರೆ; ಹೊಳೆಯುವ ಅಲ್ಯೂಮಿನಿಯಂ ಭಾಗಗಳೂ ಬಲವಾದ ಮೋಟಾರೂ ಅವರನ್ನು ಸೆಳೆಯುತ್ತವೆ. ಆದರೆ ಹೆಲಿಕಾಪ್ಟರಿನಲ್ಲಿ ಯಾವ ಬದಲಾವಣೆಯೂ ಒಂಟಿಯಲ್ಲ. ಬ್ರಷ್ ಇರುವ ಮೋಟಾರನ್ನು ತೆಗೆದು ಬ್ರಷ್‌ರಹಿತ ಮೋಟಾರನ್ನು ಹಾಕಿದರೆ, ಅದಕ್ಕೆ ತಕ್ಕ ವೇಗ ನಿಯಂತ್ರಕ ಬೇಕು. ನಿಯಂತ್ರಕಕ್ಕೆ ತಕ್ಕಷ್ಟು ವಿದ್ಯುತ್ತನ್ನು ಒದಗಿಸಬಲ್ಲ ಬ್ಯಾಟರಿ ಬೇಕು. ಹೆಚ್ಚಿದ ಬಲವನ್ನು ತಾಳುವ ಹಲ್ಲುಗಾಲಿ ಬೇಕು. ಒಡಲಿನ ಹೆಚ್ಚಿದ ಪ್ರತಿತಿರುವನ್ನು ತಡೆಯಬಲ್ಲ ಬಾಲ ಬೇಕು. ತಿರುಗುವ ವೇಗ ಶೇಕಡ 20ರಷ್ಟು ಏರಿದರೆ ಅಲಗಿನ ಎಳೆತವು ವೇಗದ ವರ್ಗಕ್ಕೆ ಅನುಸಾರವಾಗಿ ಶೇಕಡ 44ರಷ್ಟು ಏರುತ್ತದೆ. ಮೇಲಿನ ಲೆಕ್ಕದ 50 ಕಿಲೋಗ್ರಾಂ 72 ಕಿಲೋಗ್ರಾಂ ಆಗುತ್ತದೆ. ತಿರುಪು ಮಾತ್ರ ಹಳೆಯದೇ.

ಲೋಹದ ಭಾಗಗಳ ವಿಷಯವೂ ಹೀಗೆಯೇ. ಅವು ಸವೆತವನ್ನು ತಡೆದು, ಸನ್ನೆಗಳ ಅಲುಗಾಟವನ್ನು ತಗ್ಗಿಸಿ, ನಿಯಂತ್ರಣವನ್ನು ನಿಖರವಾಗಿಸುತ್ತವೆ. ಇದು ನಿಜವಾದ ಲಾಭ. ಆದರೆ ಬಿದ್ದಾಗ ಅಗ್ಗದ ಪ್ಲಾಸ್ಟಿಕ್ ತುಂಡು ತಾನು ಮುರಿದು ಉಳಿದವನ್ನು ಕಾಯುತ್ತಿತ್ತು. ಅದರ ಸ್ಥಾನದಲ್ಲಿ ಲೋಹ ಬಂದರೆ ಪೆಟ್ಟು ಅಚ್ಚಿಗೆ, ಸರ್ವೊವಿನ ಹಲ್ಲುಗಳಿಗೆ ಸಾಗುತ್ತದೆ. ದುರ್ಬಲತೆ ಇಲ್ಲವಾಗುವುದಿಲ್ಲ, ಜಾಗ ಬದಲಿಸುತ್ತದೆ.

ಆದಕಾರಣ ಕಲಿಯುವವರಿಗೆ ಹಿತವಾದ ಅನುಕ್ರಮ ಬೇರೆಯೇ ಇದೆ. ಮೊದಲು ಕೋಶಗಳನ್ನು ಸಮತೋಲನದಲ್ಲಿ ತುಂಬುವ ಒಳ್ಳೆಯ ಚಾರ್ಜರ್. ಬಳಿಕ ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡಿಸುವ ಸಿಮ್ಯುಲೇಟರ್, ಏಕೆಂದರೆ ಅಲ್ಲಿ ಬಿದ್ದದ್ದಕ್ಕೆ ಬೆಲೆಯಿಲ್ಲ. ಅನಂತರ ಯಂತ್ರವನ್ನು ಸ್ಥಿರವಾಗಿಡುವ ಎಲೆಕ್ಟ್ರಾನಿಕ್ ಗೈರೊ. ಬಲದ ಮೋಟಾರಿಗೆ ಕೊನೆಯ ಸ್ಥಾನ. ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಿ, ಹಾರಿಸಿ ನೋಡಿ, ದಿನಾಂಕ ಸಹಿತ ಪುಸ್ತಕದಲ್ಲಿ ಬರೆದಿಟ್ಟರೆ, ತೊಂದರೆ ಬಂದಾಗ ಕಾರಣವನ್ನು ಹುಡುಕುವುದು ಸುಲಭ. ಎರಡು ಭಾಗಗಳನ್ನು ಒಮ್ಮೆಗೇ ಬದಲಿಸಿದವನಿಗೆ ಯಾವುದು ಕೆಡಿಸಿತೆಂದು ತಿಳಿಯದು.

ಹಾರಿಸುವ ಜಾಗವೂ ಪಾಲನೆಯ ಒಂದು ಭಾಗವೇ. ಗುಡ್ಡ, ಕಣಿವೆ, ಅಡಿಕೆ ತೋಟಗಳಿಂದ ತುಂಬಿದ ದೇಲಂಪಾಡಿಯಲ್ಲಿ ಬಯಲು ವಿರಳ. ಮನೆಯಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ, ಮಕ್ಕಳು ಓಡಾಡುತ್ತಿರುತ್ತಾರೆ. ಕೊಯ್ಲು ಮುಗಿದ ಗದ್ದೆಯೇ ಉತ್ತಮ. ಅಲ್ಲಿಯೂ ವಿದ್ಯುತ್ ತಂತಿಯಿಂದ ದೂರವಿರಬೇಕು. ಮೊದಲು ಕೈಯಲ್ಲಿರುವ ಟ್ರಾನ್ಸ್‌ಮಿಟರನ್ನು ಚಾಲೂ ಮಾಡಿ ಆಮೇಲೆ ಯಂತ್ರಕ್ಕೆ ಬ್ಯಾಟರಿ ಜೋಡಿಸಬೇಕು. ಮುಗಿಸುವಾಗ ಈ ಕ್ರಮ ತಿರುವುಮುರುವು. 2021ರ ಡ್ರೋನ್ ನಿಯಮಗಳು ರೇಡಿಯೊ ನಿಯಂತ್ರಿತ ಹೆಲಿಕಾಪ್ಟರಿಗೂ ಅನ್ವಯಿಸುತ್ತವೆ: 250 ಗ್ರಾಂವರೆಗಿನದು ನ್ಯಾನೊ, ಅದಕ್ಕೂ ಮೇಲೆ 2 ಕಿಲೋಗ್ರಾಂವರೆಗಿನದು ಮೈಕ್ರೊ ವರ್ಗ. ಹವ್ಯಾಸದ ಯಂತ್ರವನ್ನು ಕಣ್ಣಳತೆಯೊಳಗೇ ಹಾರಿಸಬೇಕು.

ಕಿರು ಹೆಲಿಕಾಪ್ಟರನ್ನು ಬಲಪಡಿಸಿ ಕೊಳೆರೋಗದ ಔಷಧಿ ಸಿಂಪಡಿಸಬಹುದೇ ಎಂಬ ಆಸೆ ಅಡಿಕೆ ಬೆಳೆಯುವ ಮನೆಗಳಲ್ಲಿ ಸಹಜ. 800 ಗ್ರಾಂನ ಯಂತ್ರವು ಬೋರ್ಡೊ ದ್ರಾವಣದ ಭಾರವನ್ನು ಹೊರಲಾರದು. ಅಲ್ಲದೆ ಅಡಿಕೆಯ ಗೊನೆ ಇರುವುದು ಸೋಗೆಗಳ ಕೆಳಗೆ. ಮೇಲಿನಿಂದ ಸುರಿದದ್ದರಲ್ಲಿ ಹೆಚ್ಚಿನ ಪಾಲನ್ನು ಎಲೆಗಳೇ ತಡೆಯುತ್ತವೆ. ಉಳಿದ ಸಣ್ಣ ಹನಿಗಳು ಗಾಳಿಯೊಡನೆ ತೋಟದ ಎಲ್ಲೆಯನ್ನು ದಾಟಿ ನೆರೆಯ ಬಾವಿಗೆ, ಅಂಗಳಕ್ಕೆ ಸೇರಬಲ್ಲವು. ದೊಡ್ಡ ಡ್ರೋನುಗಳನ್ನು ಬಳಸುವವರೂ ಮರೆಯಬಾರದ ಸಂಗತಿಯಿದು.

ಯಂತ್ರವು ಸುಸ್ಥಿತಿಯಲ್ಲಿದೆಯೇ ಎಂದು ಪ್ರತಿ ಹಾರಾಟಕ್ಕೆ ಮುನ್ನ ಕೇಳಿಕೊಳ್ಳಬೇಕು. ಅದರ ಕೆಳಗೆ ಯಾರಿದ್ದಾರೆ ಎಂದೂ ಆಗಲೇ ಕೇಳಿಕೊಳ್ಳಬೇಕು. ಈ ಜಿಲ್ಲೆಯಲ್ಲಿ ಎರಡನೆಯ ಪ್ರಶ್ನೆಗೆ ಕಿವಿಗೊಟ್ಟದ್ದು ಬಹಳ ತಡವಾಗಿ.